ವರ್ಲೀನ್ ಕೂರಿಸಿದ ರೇಡಿಯೋ

ವರ್ಲೀನ್ ಟಕೆಟ್‌ಗೂ ನನಗೂ ನಡುವೆ ಹನ್ನೊಂದು ವರ್ಷ ಇದ್ದದ್ದು ಒಂದು ತಗಡಿನ ಗೋಡೆ. ಈಚೆ ನನ್ನ ಟೈರ್ ಅಂಗಡಿ, ಆಚೆ ಅವಳ ಸಿ.ಬಿ. ರೇಡಿಯೋ ಅಂಗಡಿ, ಅಂದರೆ ಲಾರಿಯವರು ದಾರಿಯುದ್ದ ಒಬ್ಬರೊಡನೊಬ್ಬರು ಮಾತಾಡಿಕೊಳ್ಳುವ ಸೆಟ್ಟುಗಳದ್ದು. ಅಮೆರಿಕದ ಅರ್ಕನ್ಸಾ ರಾಜ್ಯದ ಪಶ್ಚಿಮದ ಬೆಟ್ಟಗಳ ಬುಡದಲ್ಲಿ ಲಾರಿಗಳು ಡೀಸೆಲ್ ತುಂಬಿಸಿಕೊಳ್ಳಲು ನಿಲ್ಲುವ ಜಾಗವದು. ನಮ್ಮಿಬ್ಬರ ಜಗಳ ನೋಡುವುದಕ್ಕೆಂದೇ ಕೆಲವು ಡ್ರೈವರುಗಳು ಕಾಫಿ ಲೋಟ ಹಿಡಿದು ಹೊರಗೆ ನಿಲ್ಲುತ್ತಿದ್ದರು.

ಜಗಳ ನನ್ನ ಗಾಳಿ ತುಂಬುವ ಕಂಪ್ರೆಸರ್ ಮೇಲೆ. ಅದು ಶುರುವಾದರೆ ಅವಳ ಮೇಜಿನ ಮೇಲಿನ ರೇಡಿಯೋಗಳೆಲ್ಲ ಕರಕರ ಎನ್ನುತ್ತವಂತೆ. ಒಳ್ಳೆಯ ಮಾತಿನಲ್ಲಿ ಹೇಳಿದ್ದರೆ ನಾನೂ ಕೇಳುತ್ತಿದ್ದೆನೇನೋ. ಅವಳು ಸುತ್ತಿಗೆಯಿಂದ ಗೋಡೆಗೆ ಬಡಿಯುತ್ತಿದ್ದಳು.

"ಹೋಯ್ಟ್! ಆ ದರಿದ್ರದ್ದನ್ನ ನಿಲ್ಲಿಸ್ತೀಯೋ ಇಲ್ಲ ನಾನೇ ಬಂದು ವೈರ್ ಕೀಳ್ಲೋ?"

"ಬಾ ಬಾ, ಕಿತ್ತು ನೋಡು, ನಿನ್ನ ಕೂದಲು ಇನ್ನೂ ನೆಟ್ಟಗಾಗ್ತದೆ!"

ಇಂಥ ಹೆಂಗಸಿನ ಬಗ್ಗೆ ನಾನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಅವಳ ಹೆಸರು ಕೆಟ್ಟಿದ್ದರಲ್ಲಿ ನನ್ನ ನಾಲಿಗೆಯದೂ ಪಾಲಿದೆ.

ಅವಳ ಅಂಗಡಿಗೆ ಹೋದವರು ರೇಡಿಯೋ ಕೊಳ್ಳುವ ಮೊದಲು ಬೈಸಿಕೊಳ್ಳಬೇಕಾಗಿತ್ತು. ಯಾವ ಲಾರಿ, ಕ್ಯಾಬಿನ್ನು ತಗಡಿನದೋ ಫೈಬರಿನದೋ, ಬೆಟ್ಟದ ಮೇಲೆ ಓಡುತ್ತದೋ ಬಯಲಲ್ಲೋ, ನೀನು ಮಾತಾಡುವವನೋ ಕೇಳುವವನೋ ಎಂದು ಪೊಲೀಸರ ಹಾಗೆ ಒಂದೊಂದೇ ಪ್ರಶ್ನೆ. ಯಾರಾದರೂ ಹೊಳೆಯುವ ಸೆಟ್ಟಿನ ಕಡೆ ಬೆರಳು ತೋರಿಸಿದರೆ ಮುಗಿಯಿತು.

"ಅದ್ಯಾಕೆ ಬೇಕು? ಹತ್ತು ದೀಪ ಇದೆ ಅಂತಲಾ? ಕ್ರಿಸ್‌ಮಸ್ ಮರ ತಗೊಂಡು ಹೋಗು. ದುಡ್ಡೆಲ್ಲ ಸೆಟ್ಟಿಗೆ ಸುರಿದು ಆಂಟೆನಾಗೆ ಜುಜುಬಿ ತಂತಿ ಹಾಕೋ ಬುದ್ಧಿಗೇಡಿಗಳಿಗೆ ನಾನು ಮಾರಲ್ಲ. ಸಾದಾ ಸೆಟ್ಟು ತಗೋ, ಒಳ್ಳೆ ಆಂಟೆನಾ ತಗೋ. ಇಲ್ಲಾಂದ್ರೆ ಬಾಗಿಲು ಅಲ್ಲಿದೆ."

ಕೂರಿಸುವ ಕೆಲಸದಲ್ಲಿ ಮಾತ್ರ ಅವಳನ್ನು ಬೈಯುವಂತಿರಲಿಲ್ಲ. ಆಂಟೆನಾ ಕಚ್ಚುವ ಕಡೆ ಬಣ್ಣವನ್ನೆಲ್ಲ ಕೆರೆದು ಬರೀ ಲೋಹ ಕಾಣಿಸುವ ತನಕ ಬಿಡುತ್ತಿರಲಿಲ್ಲ. ಕೇಬಲ್ಲನ್ನು ಬಾಗಿಲಿಗೆ ಸಿಕ್ಕಿ ಜಜ್ಜಿಹೋಗದ ಹಾಗೆ ಎಳೆದು, ತುದಿಗೆ ತಾನೇ ಬೆಸುಗೆ ಹಾಕುತ್ತಿದ್ದಳು. ಆಮೇಲೆ ನಡುವೆ, ಸೆಟ್ಟಿಗೆ ವಾಪಸಾಗುವ ಶಕ್ತಿಯನ್ನು ಅಳೆಯುವ ಮೀಟರ್ ಸಿಕ್ಕಿಸಿ, ಆಂಟೆನಾದ ತುದಿಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುತ್ತ ಮುಳ್ಳು ಇಳಿಯುವುದನ್ನು ಕಾಯುವುದು. ಅಲ್ಲಿಯ ತನಕ ಮೈಕ್ ಅವಳ ಏಪ್ರನ್ ಜೇಬಿನಲ್ಲೇ. ಆಂಟೆನಾ ಹದಕ್ಕೆ ಬರುವ ಮೊದಲು ಮಾತಾಡಿದರೆ ಶಕ್ತಿಯೆಲ್ಲ ಹಿಂದಕ್ಕೆ ಬಡಿದು ಸೆಟ್ಟಿನ ಒಳಗೇ ಸುಡುತ್ತದೆ. ಡ್ರೈವರುಗಳಿಗೆ ತಾಳ್ಮೆ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಎಲ್ಲ ಮುಗಿದ ಮೇಲೆ ಆಂಟೆನಾ ಹಿಡಿದ ಕಬ್ಬಿಣದ ಪಟ್ಟಿಯ ಮೇಲೆ ಒಂದು ನಂಬರು ಕುಟ್ಟುತ್ತಿದ್ದಳು. ಮೊದಲನೆಯ ಲಾರಿಗೆ ಒಂದು, ಎರಡನೆಯದಕ್ಕೆ ಎರಡು. ನಾನು ಹೇಳುತ್ತಿರುವ ಹೊತ್ತಿಗೆ ಆರುನೂರು ದಾಟಿತ್ತು. "ಒಂದಾದ್ರೂ ಕೆಟ್ಟು ವಾಪಸ್ ಬಂದಿದ್ರೆ ತೋರ್ಸು" ಎನ್ನುವುದು ಅವಳ ಜಂಬ. ತೋರಿಸಬೇಕೆಂದು ನಾನು ಹನ್ನೊಂದು ವರ್ಷ ಕಾದಿದ್ದೆ, ಸಿಕ್ಕಿರಲಿಲ್ಲ.

ಸ್ಪ್ರಾಡ್ಲಿನ್ ಅಣ್ಣತಮ್ಮಂದಿರು ಇಬ್ಬರೂ ನಮ್ಮ ಕಡೆಯ ಲಾರಿಯವರೇ. ಅಣ್ಣ ಡೆಲ್ಮರ್, ತಮ್ಮ ಆರ್ವೆಲ್. ಆರ್ವೆಲ್‌ನ ರೇಡಿಯೋ ವರ್ಲೀನ್ ಕೂರಿಸಿದ್ದು, ನಂಬರು ಮುನ್ನೂರ ಎಂಟು. ಡೆಲ್ಮರ್ ಮಾತ್ರ "ಹೆಂಗಸಿನ ಕೈಲಿ ರೇಡಿಯೋ ಹಾಕಿಸ್ಕೊಳ್ಳೋಕೆ ನನಗೇನು ಕೈ ಬಿದ್ದೋಗಿದ್ಯಾ?" ಎಂದು ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಹೇಳಿ, ಎಲ್ಲಿಂದಲೋ ದನಿ ಗುಂಯ್‌ಗುಡಿಸುವ ದೊಡ್ಡ ಸೆಟ್ಟು ತರಿಸಿ ತಾನೇ ಜೋಡಿಸಿಕೊಂಡಿದ್ದ. ಆ ಮಾತು ಅವಳ ಕಿವಿಗೂ ಬಿದ್ದಿತ್ತು, ಅವಳು ಮರೆಯುವ ಪೈಕಿಯವಳಲ್ಲ.

ಇಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಇಡೀ ಹೆದ್ದಾರಿಗೇ ಗೊತ್ತಿತ್ತು. ಎಪ್ಪತ್ತೆಂಟರ ಜುಲೈ, ಡೆಲ್ಮರ್ ನಾಲ್ಕು ಸಾವಿರ ಜೀವಂತ ಕೋಳಿ ಹೇರಿಕೊಂಡು ಮಾಂಸದ ಕಾರ್ಖಾನೆಗೆ ಹೊರಟಿದ್ದ. ಬೆಟ್ಟದ ಏರಿನಲ್ಲಿ ಎಂಜಿನ್ ಕೈಕೊಟ್ಟಿತು. ಕೋಳಿ ಲಾರಿ ಜುಲೈ ಬಿಸಿಲಲ್ಲಿ ನಿಲ್ಲುವ ಹಾಗಿಲ್ಲ. ಓಡುತ್ತಿದ್ದರೆ ಗಾಳಿ ಆಡುತ್ತದೆ, ನಿಂತರೆ ಅರ್ಧ ಗಂಟೆಯಲ್ಲಿ ಪಂಜರದೊಳಗೇ ಬೇಯಲು ಶುರು. ಇನ್ನೊಂದು ಲಾರಿ ಬಂದು ಟ್ರೇಲರನ್ನು ಎಳೆದುಕೊಂಡು ಹೋದರೆ ಮಾತ್ರ ಉಳಿಯುತ್ತವೆ. ಅಷ್ಟು ಹೊತ್ತಿಗೆ ಆರ್ವೆಲ್ ಟ್ರೇಲರ್ ಕಳಚಿಟ್ಟು ಬರೀ ಎಂಜಿನ್ ಗಾಡಿ ಓಡಿಸಿಕೊಂಡು ಎದುರು ದಾರಿಯಲ್ಲಿ ಇಳಿದ. ಅಲ್ಲಿ ಹತ್ತುವ ದಾರಿ ಇಳಿಯುವ ದಾರಿ ಬೇರೆ ಬೇರೆ, ನಡುವೆ ದಟ್ಟ ಪೈನ್ ಮರ. ಲಾರಿಯ ಕೆಂಪು ನೆತ್ತಿ ಡೆಲ್ಮರ್‌ಗೆ ಮರಗಳ ನಡುವೆ ಕಂಡಿತು. ಆರ್ವೆಲ್ ಯಾರಿಗೋ ಮೀನು ಹಿಡಿದ ಕಥೆ ಹೇಳುತ್ತಿದ್ದದ್ದು ರೇಡಿಯೋದಲ್ಲಿ ಸ್ಪಷ್ಟವಾಗಿ ಕೇಳುತ್ತಲೂ ಇತ್ತು. ಡೆಲ್ಮರ್ ಕಥೆ ನಡುನಡುವೆ ನಿಂತಾಗಲೆಲ್ಲ ಗಂಟಲು ಹರಿಯುವ ಹಾಗೆ ಕರೆದ. ಆರ್ವೆಲ್ ಮೀನಿನ ಕಥೆ ಹೇಳುತ್ತಲೇ ಇಳಿದು ಹೋದ. ಕೋಳಿಗಳೆಲ್ಲ ಸತ್ತವು. ಕಾರ್ಖಾನೆಯವರು ಡೆಲ್ಮರ್‌ಗೆ ಮತ್ತೆ ಒಂದು ಲೋಡೂ ಕೊಡಲಿಲ್ಲ. ಆ ಕೆಲಸ ಮುಂದಿನ ತಿಂಗಳು ಹೋದದ್ದು ಆರ್ವೆಲ್‌ಗೆ.

"ನನಗೆ ಏನೂ ಕೇಳಿಸ್ಲಿಲ್ಲ" ಎನ್ನುವುದು ಆರ್ವೆಲ್‌ನ ಮಾತು. "ಕೇಳಿಸ್ತು, ಬೇಕಂತಲೇ ಹೋದ" ಎನ್ನುವುದು ಡೆಲ್ಮರ್‌ನ ಮಾತು. ಅವರ ಅಮ್ಮ, ಎಪ್ಪತ್ತು ದಾಟಿದ ಮುದುಕಿ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅಡುಗೆಯನ್ನು ಎರಡು ಸಲ ಬಡಿಸುತ್ತಿದ್ದಳು. ಮಧ್ಯಾಹ್ನ ದೊಡ್ಡವನಿಗೆ, ಅವನು ಎದ್ದು ಹೋದ ಮೇಲೆ ಚಿಕ್ಕವನಿಗೆ.

ಎಂಬತ್ತರ ಏಪ್ರಿಲ್‌ನಲ್ಲಿ ಒಂದು ದಿನ ಡೆಲ್ಮರ್ ತನ್ನ ಲಾರಿಯನ್ನು ವರ್ಲೀನ್‌ಳ ಬಾಗಿಲಿಗೆ ಅಡ್ಡ ನಿಲ್ಲಿಸಿ ಒಳಗೆ ನುಗ್ಗಿದ. ನಾನು ಟೈರ್ ಬಿಟ್ಟು ಹಿಂದೆಯೇ ಹೋದೆ. ಇಂಥದ್ದನ್ನು ತಪ್ಪಿಸಿಕೊಳ್ಳುವವನು ನಾನಲ್ಲ.

"ನೀನೇ ಎಲ್ಲರ ಕಿವಿ ಊದಿದ್ದೀಯ!" ಎಂದು ಅವನು ಮೇಜು ಗುದ್ದಿದ. "ಎರಡು ವರ್ಷದಿಂದ ಲಾರಿಯವರ ಹತ್ತೊಂಬತ್ತನೇ ಚಾನಲ್‌ನಲ್ಲಿ ಒಬ್ಬನೂ ನನಗೆ ಉತ್ತರ ಕೊಟ್ಟಿಲ್ಲ. ಮುಂದೆ ಪೊಲೀಸ್ ಇದಾರಾ ಅಂದ್ರೆ ಮಾತಿಲ್ಲ. ಒಳ್ಳೇ ದಿನ ಆಗ್ಲಿ ಅಂದ್ರೂ ಮಾತಿಲ್ಲ. ನೀನೂ ಆ ನನ್ನ ತಮ್ಮನೂ ಸೇರ್ಕೊಂಡು ನನಗೆ ಬಹಿಷ್ಕಾರ ಹಾಕ್ಸಿದ್ದೀರಿ."

ವರ್ಲೀನ್ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟಳು. "ನಿನಗೆ ಬಹಿಷ್ಕಾರ ಹಾಕೋಕೆ ನೀನ್ಯಾರಯ್ಯಾ? ಗವರ್ನರಾ? ಬೇರೆಯವರು ಮಾತಾಡೋದು ನಿನಗೆ ಕೇಳ್ತದಾ?"

"ಕೇಳ್ತದೆ. ಲಕ್ಷಣವಾಗಿ."

"ಅದಕ್ಕೇ ನೀನು ಹೇಳಿದ್ದೂ ಅವರಿಗೆ ಕೇಳ್ತದೆ ಅಂದ್ಕೊಂಡಿದ್ದೀಯ. ನಡಿ, ನಿನ್ನ ಕೈಚಳಕ ನೋಡೋಣ."

ಅವಳು ಮೀಟರ್ ಎತ್ತಿಕೊಂಡು ಲಾರಿ ಹತ್ತಿದಳು. ಮೂರು ನಿಮಿಷ ಆಗಿರಬೇಕು, ಒಳಗಿಂದ ನಗು ಕೇಳಿಸಿತು. ವರ್ಲೀನ್ ನಕ್ಕದ್ದನ್ನು ನಾನು ಕೇಳಿದ್ದೇ ಅಪರೂಪ, ಅದು ಕೇಳುವಂಥ ನಗುವೂ ಅಲ್ಲ. ಡೆಲ್ಮರ್ ಆಂಟೆನಾವನ್ನು ಕನ್ನಡಿಯ ಕಂಬಿಗೆ ಕಚ್ಚಿಸಿದ್ದ. ಕಂಬಿಯ ಬಣ್ಣ ಹಾಳಾಗಬಾರದೆಂದು ನಡುವೆ ರಬ್ಬರ್ ತುಂಡು ಇಟ್ಟಿದ್ದ! ಲೋಹಕ್ಕೆ ಲೋಹ ತಾಗಿರಲೇ ಇಲ್ಲ. ಉಳಿದ ಕೇಬಲ್ಲನ್ನು ಬಿಗಿಯಾಗಿ ಸುರುಳಿ ಸುತ್ತಿ ಸೀಟಿನಡಿ ತುರುಕಿದ್ದ. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ಕೊನೆಗೆ ಹೋಗಿ ಒರಗಿತ್ತು.

"ಕಣ್ಣು ಬಿಟ್ಟು ನೋಡು. ನೀನು ಕೂಗಿದ್ದೆಲ್ಲ ಹಿಂದಕ್ಕೆ ಬಂದು ಸೆಟ್ಟಿನೊಳಗೇ ಸತ್ತಿದೆ. ಅರ್ಧ ಸೆಟ್ಟು ಸುಟ್ಟೂ ಹೋಗಿದೆ. ಎರಡು ವರ್ಷ ನೀನು ಬೈದದ್ದೆಲ್ಲ ನಿನ್ನ ವಿಂಡ್‌ಶೀಲ್ಡಿಗೆ. ಯಾರಿಗೂ ನಿನ್ನ ಮೇಲೆ ದ್ವೇಷ ಇಲ್ಲ. ನನ್ನೊಬ್ಬಳನ್ನ ಬಿಟ್ಟು."

ಡೆಲ್ಮರ್ ಸ್ವಲ್ಪ ಹೊತ್ತು ಮುಳ್ಳನ್ನೇ ನೋಡಿದ. ಆ ದೊಡ್ಡ ಕೆಂಪು ಮುಖ ಸಡಿಲವಾಗುವುದು ಕಾಣಿಸುತ್ತಿತ್ತು. ಆಮೇಲೆ ಮೆಲ್ಲಗೆ ಕೇಳಿದ, "ಹಾಗಾದ್ರೆ ಅವತ್ತು ಬೆಟ್ಟದಲ್ಲಿ?"

"ಅವತ್ತೂ ಇದೇ ಸೆಟ್ಟಲ್ವಾ? ಈ ದರಿದ್ರದ್ದು ಅಂಗಳದ ಗೇಟ್ ದಾಟಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಡೆಲ್ಮರ್‌ಗೆ ಖಾತ್ರಿಯಾಗಬೇಕು. "ಎಷ್ಟು ದೂರ ಹೋಗ್ತದೆ ಅಂತ ಪರೀಕ್ಷೆ ಮಾಡು. ಅವನಿಗೆ ಕೇಳಿಸಿರಲ್ಲ ಅಂತಾದ್ರೆ ಇವತ್ತೇ ಹೋಗಿ ಅವನ ಕಾಲು ಹಿಡಿತೀನಿ. ಕೇಳಿಸಿತ್ತು ಅಂತಾದ್ರೆ..." ಅವನು ಸೀಟಿನ ಹಿಂದೆ ನೇತುಹಾಕಿದ್ದ ಬಂದೂಕನ್ನು ನೋಡಲಿಲ್ಲ, ಆದರೆ ನಾವಿಬ್ಬರೂ ನೋಡಿದೆವು. "ಅಮ್ಮನ ಮೇಲಾಣೆ, ಇವತ್ತೇ ಇತ್ಯರ್ಥ."

ವರ್ಲೀನ್‌ಗೆ ಬೇಡವೆನ್ನಲು ಬಾಯಿ ತೆರೆಯುವಷ್ಟು ಹೊತ್ತು ನಾನು ಕೊಡಲಿಲ್ಲ. "ನನ್ನ ಪಿಕಪ್ಪಲ್ಲಿ ರೇಡಿಯೋ ಇದೆ, ನಾನು ಹೋಗ್ತೀನಿ" ಎಂದೆ. ಯಾಕೆಂದು ಈಗ ಹೇಳಿಬಿಡುತ್ತೇನೆ. ಗೇಟ್ ದಾಟಲ್ಲ ಎಂದಿದ್ದಳಲ್ಲ, ಆ ಮಾತು ಸುಳ್ಳಾಗಲಿ ಎಂಬ ಆಸೆ. ಬಂದೂಕು ನೋಡಿದ ಮೇಲೂ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಡೆಲ್ಮರ್ ಮೈಕ್ ಹಿಡಿದು ಒಂದು ಎರಡು ಎಣಿಸುತ್ತ ಕೂತ. ನಾನು ರಸ್ತೆಗಿಳಿದೆ. ಗೇಟ್ ದಾಟಿದೆ, ದನಿ ಇತ್ತು. ಗ್ಯಾಸ್ ಡಿಪೋ ದಾಟಿದೆ, ಸಣ್ಣಗೆ, ಹರಕು ಹರಕಾಗಿ, ಆದರೂ ಇತ್ತು. ಚರ್ಚಿನ ಬೋರ್ಡಿನ ಹತ್ತಿರ ನಿಂತುಹೋಯಿತು. ಅರ್ಧ ಮೈಲಿ. ನಾನು ಸಿಳ್ಳೆ ಹಾಕುತ್ತ ವಾಪಸು ಬಂದೆ.

"ಚರ್ಚಿನ ಬೋರ್ಡಿನ ತನಕ ಕೇಳಿಸ್ತು! ನಿನ್ನ ಗೇಟ್ ಎಲ್ಲಿ ಬಂತಮ್ಮಾ ವರ್ಲೀನ್?"

ಹೇಳಿದ ಮೇಲೆ ಡೆಲ್ಮರ್‌ನ ಮುಖ ನೋಡಿದೆ. ಅವತ್ತು ಆರ್ವೆಲ್ ಹೋದದ್ದು ನೂರು ಗಜದಾಚೆ. ಅರ್ಧ ಮೈಲಿ ಕೇಳುವ ದನಿ ನೂರು ಗಜಕ್ಕೆ ಕೇಳದೆ ಇರುತ್ತದೆಯೇ? ಆ ಲೆಕ್ಕ ಮಾಡಲು ಅವನಿಗೆ ನನ್ನ ಸಹಾಯ ಬೇಕಿರಲಿಲ್ಲ. ಅವನು ಮೈಕನ್ನು ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿ ಲಾರಿಯ ಕೀಲಿಗೆ ಕೈ ಹಾಕಿದ.

"ಇಳಿ ಕೆಳಗೆ" ಎಂದಳು ವರ್ಲೀನ್.

"ದಾರಿ ಬಿಡು."

"ಇಳಿ ಅಂದೆ. ಇನ್ನೊಂದು ವಿಷಯ ಇದೆ." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. ಒರೆಸಿಕೊಳ್ಳಲು ಏನೂ ಇರಲಿಲ್ಲ. "ಹೋಯ್ಟ್‌ನ ಪಿಕಪ್ಪಿನ ರೇಡಿಯೋ ಸರಿಯಿದೆ, ಅದಕ್ಕೆ ಕೇಳಿಸ್ತು. ನಿನ್ನ ತಮ್ಮಂದು ಸರಿ ಇರ್ಲಿಲ್ಲ."

"ಅದು ನೀನೇ ಕೂರಿಸಿದ್ದಲ್ವಾ?"

"ಹೌದು. ನಾನೇ. ಬೆಸುಗೆ ಸರಿಯಾಗಿ ಹಿಡಿದಿರ್ಲಿಲ್ಲ. ಜೋರು ದನಿ ಬರ್ತಿತ್ತು, ಸಣ್ಣ ದನಿ ಒಳಗೇ ಬರ್ತಿರ್ಲಿಲ್ಲ. ಆ ವರ್ಷ ಚಳಿಗಾಲದಲ್ಲಿ ಅವನು ಬೇರೇನೋ ಕೆಲಸಕ್ಕೆ ಬಂದಾಗ ನೋಡ್ದೆ. ಬಾಯಿ ಮುಚ್ಕೊಂಡು ಸರಿ ಮಾಡಿ ಕಳಿಸ್ದೆ, ಅವನಿಗೂ ಹೇಳ್ಲಿಲ್ಲ. ನಿನ್ನ ಕೋಳಿ ಸತ್ತಿದ್ದು ನಿನ್ನ ರಬ್ಬರಿಂದ, ನನ್ನ ಬೆಸುಗೆಯಿಂದ. ಅವನದೇನೂ ಇಲ್ಲ. ಆಯ್ತಾ? ಈಗ ಬೈಯೋದಿದ್ರೆ ನನ್ನ ಬೈಕೊಂಡು ಹೋಗು."

ಡೆಲ್ಮರ್ ಚೆನ್ನಾಗಿಯೇ ಬೈದ. ಎರಡು ವರ್ಷದ ಬೈಗುಳ ಅವನ ಹತ್ತಿರ ಹಾಗೇ ಉಳಿದಿತ್ತು. ಅವಳು ಒಂದಕ್ಕೂ ಉತ್ತರ ಕೊಡದೆ ರಬ್ಬರ್ ಕಿತ್ತು ಬಿಸಾಡಿ, ಬಣ್ಣ ಕೆರೆದು, ಹೊಸ ಕೇಬಲ್ ಎಳೆದು, ಬೇರೊಂದು ಸಾದಾ ಸೆಟ್ಟು ಕೂರಿಸಿದಳು. ಮುಳ್ಳು ತಳಕ್ಕೆ ಇಳಿಯಿತು. ಅವನು ಬೈಯುತ್ತಲೇ ಹತ್ತಿ, ಬೈಯುತ್ತಲೇ ಹೊರಟ. ಈ ಸಲ ಪಟ್ಟಿಯ ಮೇಲೆ ಅವಳು ನಂಬರು ಕುಟ್ಟಿರಲಿಲ್ಲ.

"ಮುನ್ನೂರ ಎಂಟರಲ್ಲಿ ಬೆಸುಗೆ ಬಿಟ್ಟಿತ್ತಾ?" ಎಂದು ಕೇಳಿದೆ.

"ನಿನ್ನ ತಲೆ! ನಾನು ಹಾಕಿದ ಬೆಸುಗೆ ಯಾವತ್ತಾದ್ರೂ ಬಿಟ್ಟಿದ್ಯಾ? ಒಂದು ಮೈಲಿ ದೂರದಲ್ಲಿ ಇರುವೆ ಕೆಮ್ಮಿದ್ರೂ ಅವನಿಗೆ ಕೇಳ್ತದೆ."

"ಮತ್ತೆ ಯಾಕೆ ಹಾಗಂದೆ?"

"ನೀನು ಬಾಯಿ ಬಿಟ್ಟದ್ದಕ್ಕೆ! ನಿಜ ಹೇಳಿದ್ರೆ ಇವತ್ತು ಒಬ್ಬ ಹೆಣದ ಪೆಟ್ಟಿಗೇಲಿ, ಒಬ್ಬ ಜೈಲಲ್ಲಿ. ಆ ಮುದುಕಿ ಹಬ್ಬದೂಟ ಎಲ್ಲಿಗೆ ಹೊತ್ಕೊಂಡು ಹೋಗ್ಬೇಕಾಗಿತ್ತು? ಹೋಗು, ನಿನ್ನ ಟೈರು ನೋಡ್ಕೋ."

ಡೆಲ್ಮರ್‌ನ ಹೊಸ ರೇಡಿಯೋ ಎಷ್ಟು ಚೆನ್ನಾಗಿತ್ತೆಂದರೆ ಅವನು ಹೇಳಿದ್ದು ಇಡೀ ಬೆಟ್ಟಕ್ಕೆ ಕೇಳಿಸಿತು. ಅವನು ಹೇಳಿದ್ದೂ ಒಂದೇ ವಿಷಯ: ವರ್ಲೀನ್‌ಳ ಬೆಸುಗೆ ನಂಬಬೇಡಿ, ಅವಳಿಂದ ನಮ್ಮ ಮನೆ ಒಡೆದಿತ್ತು. ಹತ್ತೊಂಬತ್ತನೇ ಚಾನಲ್‌ನಲ್ಲಿ ವಾರಗಟ್ಟಲೆ ಅದೇ ತಮಾಷೆ. ಅವಳಿಂದ ಬೈಸಿಕೊಂಡವರು ಆರುನೂರು ಜನ ಇದ್ದರಲ್ಲ, ಒಬ್ಬರೂ ಅವಕಾಶ ಬಿಡಲಿಲ್ಲ. ಬಾಗಿಲ ಮುಂದೆ ನಿಧಾನ ಮಾಡಿ ಹಾರ್ನ್ ಹೊಡೆದು, "ಏನಮ್ಮಾ, ಬೆಸುಗೆ ಹಿಡಿತಾ?" ಎಂದು ಕೂಗಿ ಹೋಗುವವರು. ಕೆಲಸ ಕೊಡಲು ನಿಲ್ಲುವವರು ದಿನಕ್ಕೊಬ್ಬರಾದರು, ಆಮೇಲೆ ವಾರಕ್ಕೊಬ್ಬರು. ನಾನು ಆ ದಿನಗಳಲ್ಲಿ ಕಾಫಿ ಅಂಗಡಿಯಲ್ಲಿ ಬಾಯಿಬಿಡದೆ ಕೂತಿರುತ್ತಿದ್ದೆ. ನಿಜ ಹೇಳಿದರೆ ಬಂದೂಕು, ಹೇಳದಿದ್ದರೆ ಅವಳ ಅಂಗಡಿ. ಸಿಳ್ಳೆ ಹಾಕುತ್ತ ಬಂದಿದ್ದೆನಲ್ಲ ಎಂದು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಜೂನ್‌ನಲ್ಲಿ ಆರ್ವೆಲ್ ಬಂದ. ಲಾರಿ ನಿಲ್ಲಿಸಿ, ಹ್ಯಾಟು ಕೈಯಲ್ಲಿ ಹಿಡಿದು ಅವಳ ಬಾಗಿಲಲ್ಲಿ ನಿಂತ. ನಾನು ಕಂಪ್ರೆಸರ್ ನಿಲ್ಲಿಸಿ ಗೋಡೆಯ ಸಂದಿಗೆ ಬಂದೆ.

"ಅಮ್ಮಾವ್ರೇ, ಡೆಲ್ಮರ್ ನಮ್ಮ ಮನೆಗೆ ಬಂದಿದ್ದ. ಅಡುಗೆಮನೇಲಿ ನಿಂತ್ಕೊಂಡು, ತಪ್ಪಾಯ್ತು ಕಣೋ ಅಂತ ಅತ್ತ. ಅವನು ನನ್ನ ಹತ್ರ ಕ್ಷಮೆ ಕೇಳ್ದ."

"ನೀನೇನಂದೆ?"

"ಏನನ್ಲಿ? ಕಾಫಿ ಕೊಟ್ಟೆ." ಅವನು ಹ್ಯಾಟಿನ ಅಂಚನ್ನು ತಿರುಗಿಸುತ್ತ ಇದ್ದ. "ನನಗೆ ಅವತ್ತು ಕೇಳಿಸಿತ್ತು. ಮುಂದೆ ತಿರುಗಿಸಿಕೊಂಡು ಬರೋಣ ಅಂದ್ಕೊಂಡೆ. ಮೊದಲನೇ ತಿರುವು ಬಂತು, ಬಿಟ್ಟೆ. ಎರಡನೇದೂ ಬಿಟ್ಟೆ. ಆ ಕಾರ್ಖಾನೆ ಕೆಲಸದ ಮೇಲೆ ನನಗೂ ಕಣ್ಣಿತ್ತು. ನಿಮ್ಮ ಬೆಸುಗೆ ಏನೂ ಆಗಿರ್ಲಿಲ್ಲ."

"ಅದನ್ನ ನೀನು ನನಗೆ ಹೇಳ್ಬೇಕಾ?"

"ನಿಮ್ಮ ಹೆಸರು ಕೆಟ್ಟಿದೆ. ನಾನು ರೇಡಿಯೋದಲ್ಲಿ ಎಲ್ಲರಿಗೂ ನಿಜ ಹೇಳ್ಬಿಡ್ತೀನಿ."

ವರ್ಲೀನ್ ಎದ್ದಳು. ಗೋಡೆಗೆ ನೇತುಹಾಕಿದ್ದ ಕತ್ತರಿಸುವ ಇಕ್ಕಳ ತೆಗೆದುಕೊಂಡು ಅವನನ್ನು ಪಕ್ಕಕ್ಕೆ ತಳ್ಳಿ ಹೊರಗೆ ಹೋದಳು. ಅವನ ಲಾರಿಯ ಮೆಟ್ಟಿಲು ಹತ್ತಿ ಮುನ್ನೂರ ಎಂಟನೇ ನಂಬರಿನ ಪಟ್ಟಿಯ ಬುಡದಲ್ಲಿ ಕೇಬಲ್ಲನ್ನು ಕತ್ತರಿಸಿದಳು. ಒಂದೇ ಏಟಿಗೆ ಆಗಲಿಲ್ಲ, ಮೂರು ಸಲ ಒತ್ತಬೇಕಾಯಿತು. ಅವಳು ಗಟ್ಟಿ ಕೇಬಲ್ಲನ್ನೇ ಹಾಕುತ್ತಿದ್ದದ್ದು.

"ಹೇಳ್ತೀಯಂತೆ, ಹೇಳು! ಹಗುರ ಮಾಡ್ಕೊಳ್ಳೋಕೆ ಬಂದಿದ್ದೀಯಾ ಇಲ್ಲಿಗೆ? ನಿನ್ನ ಅಣ್ಣ ನಿನ್ನ ಮನೆ ಅಡುಗೆಮನೇಲಿ ಅತ್ತಿದಾನೆ. ಅದನ್ನ ಹೊತ್ಕೊಂಡು ತಿರುಗು, ಸಾಯೋ ತನಕ ತಿರುಗು. ರೇಡಿಯೋ ಬೇಕಾದ್ರೆ ಬೇರೆ ಯಾರ ಹತ್ರಾನಾದ್ರೂ ಹಾಕಿಸ್ಕೋ. ಕೇಳಿದ್ರೆ, ವರ್ಲೀನ್ ಹಾಕಿದ್ದು ಕೆಟ್ಟೋಗಿತ್ತು ಅನ್ನು. ಹೋಗು."

ಆರ್ವೆಲ್ ಹೋದ. ಆ ವರ್ಷದ ಹಬ್ಬಕ್ಕೆ ಸ್ಪ್ರಾಡ್ಲಿನ್ ಮುದುಕಿ ಒಂದೇ ಸಲ ಬಡಿಸಿದಳಂತೆ. ಇಬ್ಬರೂ ಅಕ್ಕಪಕ್ಕ ಕೂತು ಉಂಡರಂತೆ, ಆರ್ವೆಲ್ ಹೆಚ್ಚು ಮಾತಾಡಲಿಲ್ಲವಂತೆ. ವರ್ಲೀನ್ ಅಷ್ಟು ಹೊತ್ತಿಗೆ ಅಂಗಡಿ ಮುಚ್ಚಿ ಫೋರ್ಟ್ ಸ್ಮಿತ್‌ನಲ್ಲಿ ಯಾರದೋ ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು.

ಆದರೆ ಆ ಜೂನ್ ದಿನ, ಆರ್ವೆಲ್ ಹೋದ ಮೇಲೆ, ನಾನು ಗೋಡೆಯ ಈಚೆ ನಿಂತೇ ಇದ್ದೆ. ಎಂದಿನ ಹಾಗೆ ಸುತ್ತಿಗೆಯ ಏಟು ಬಿತ್ತು.

"ಹೋಯ್ಟ್! ಯಾಕೆ ಆ ನಿನ್ನ ಕಂಪ್ರೆಸರ್ ಸತ್ತು ಬಿದ್ದಿದೆ?"

"ನಿನಗೆ ಕೆಲಸಕ್ಕೆ ತೊಂದ್ರೆ ಆಗ್ತದೆ ಅಂತ ನಿಲ್ಲಿಸ್ದೆ."

ಆಚೆ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

"ಕೆಲಸ ಎಲ್ಲಿದೆ ಇಲ್ಲಿ?" ಎಂದಳು. "ಹಾಕು ಅದನ್ನ."

ನಾನು ಹಾಕಿದೆ.